ಅಪ್ಪನ ಮಂಡಿ, ಸೈಕಲ್ಲಿನ ಕಡಾಣಿ

ದಿನಾ ಬೆಳಿಗ್ಗೆ ನಮ್ಮ ನಡುಮನೆಯಲ್ಲಿ ರೇಡಿಯೋದ ಪ್ರದೇಶ ಸಮಾಚಾರದ ಜೊತೆಗೆ ಇನ್ನೊಂದು ಸದ್ದೂ ಕೇಳುತ್ತದೆ. ಕಂಬಳಿಯನ್ನು ಗಾರೆ ನೆಲದ ಮೇಲೆ ಮೆಲ್ಲಗೆ ಎಳೆದ ಹಾಗೆ, ಸರ್... ಸರ್... ಎಂದು ಒಂದೇ ಸಮನೆ. ಅಪ್ಪ ವ್ಯಾಯಾಮದ ಸೈಕಲ್ಲು ತುಳಿಯುತ್ತಿದ್ದಾರೆಂದು ಅಡುಗೆಮನೆಯಿಂದಲೇ ಗೊತ್ತಾಗುತ್ತದೆ. ಆ ಸದ್ದು ಕಿವಿಗೆ ಎಷ್ಟು ಒಗ್ಗಿಹೋಗಿದೆಯೆಂದರೆ, ಹೋದ ಶ್ರಾವಣದಲ್ಲಿ ಒಂದು ದಿನ ಅದರ ನಡುವೆ ಸಣ್ಣಗೆ ‘ಟಕ್’ ಎಂದಾಗ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದೆ. ಪೆಡಲು ಒಂದು ಸುತ್ತು ಬಂದರೆ ಒಂದು ಟಕ್. ಅಪ್ಪನಿಗೆ ಎಂಬತ್ತನಾಲ್ಕು, ಕಿವಿ ಸ್ವಲ್ಪ ಮಂದ. ನಾನು ನಿಂತು ಆಲಿಸುವುದನ್ನು ನೋಡಿ “ನನ್ನ ಮಂಡಿ ಸದ್ದೇನೇ?” ಎಂದರು. ಮಂಡಿಯಲ್ಲ, ಸೈಕಲ್ಲಿನ ಕಾಟರ್ ಪಿನ್ನು.

ಈ ಸೈಕಲ್ಲು ಮನೆಗೆ ಬಂದದ್ದು 1988ರಲ್ಲಿ, ಅಮ್ಮನಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ವರ್ಷ. ದಿನಾ ನಡೆಯಬೇಕು ಎಂದು ಡಾಕ್ಟರು ಹೇಳಿದ್ದರು. ಆಗಿನ ತುಮಕೂರಿನ ನಮ್ಮ ಬೀದಿಯಲ್ಲಿ ನಲವತ್ತು ದಾಟಿದ ಹೆಂಗಸೊಬ್ಬಳು ಕೈಯಲ್ಲಿ ಚೀಲವಿಲ್ಲದೆ, ಹೋಗಬೇಕಾದ ಮನೆಯಿಲ್ಲದೆ, ಬರೀ ನಡೆಯುವುದಕ್ಕೆಂದು ಹೊರಟರೆ ಹತ್ತು ಬಾಗಿಲಿಂದ “ಎಲ್ಲಿಗೆ ಹೊರಟ್ರಿ?” ಎನ್ನುವ ಪ್ರಶ್ನೆ ಬರುತ್ತಿತ್ತು. ಅಮ್ಮ ನಾಲ್ಕು ದಿನ ಉತ್ತರ ಹೇಳಿದರು, ಐದನೆಯ ದಿನ ಚಪ್ಪಲಿ ಮೆಟ್ಟಲಿಲ್ಲ. ಅಪ್ಪ ಹೈಸ್ಕೂಲು ಮೇಷ್ಟ್ರು. ಪತ್ರಿಕೆ ತಿದ್ದಲು ಬೆಂಗಳೂರಿಗೆ ಹೋದವರು ಬರುವಾಗ ಬಸ್ಸಿನ ಟಾಪಿನ ಮೇಲೆ ಇದನ್ನು ಕಟ್ಟಿಸಿಕೊಂಡು ಬಂದರು.

ಮುಂದೆ ಗಾಲಿಯಿಲ್ಲ. ಅದರ ಜಾಗದಲ್ಲಿ ದೊಡ್ಡ ಪರಾತದಷ್ಟು ಅಗಲದ ಎರಕದ ಕಬ್ಬಿಣದ ಚಕ್ರ. ಚಕ್ರದ ಅಂಚನ್ನು ಬಳಸಿ ಹಿಡಿದ ಉಕ್ಕಿನ ಪಟ್ಟಿ, ಪಟ್ಟಿಯ ಒಳಮೈಗೆ ಉಣ್ಣೆಯ ಫೆಲ್ಟು. ಹ್ಯಾಂಡಲಿನ ಕೆಳಗಿನ ತಿರುಪನ್ನು ಬಿಗಿ ಮಾಡಿದರೆ ಪಟ್ಟಿ ಚಕ್ರವನ್ನು ಅಮುಕುತ್ತದೆ, ಏರು ಹತ್ತಿದ ಹಾಗಾಗುತ್ತದೆ. ಸಡಿಲ ಮಾಡಿದರೆ ಇಳಿಜಾರು. ಉಳಿದದ್ದೆಲ್ಲ ಹಾಲಿನವರು, ಪೋಸ್ಟಿನವರು ತುಳಿಯುತ್ತಿದ್ದ ಕಪ್ಪು ಸೈಕಲ್ಲಿನದೇ: ಅದೇ ಕ್ರ್ಯಾಂಕು, ಅದೇ ಪೆಡಲು, ಅದೇ ಚೈನು. ಈ ಸೈಕಲ್ಲು ಇವತ್ತಿಗೂ ಬದುಕಿರುವುದು ಆ ಒಂದು ಕಾರಣಕ್ಕೆ.

ಅಮ್ಮ ಅದನ್ನು ಇಪ್ಪತ್ತು ವರ್ಷ ತುಳಿದರು. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಯ ಕಡೆ ಮುಖ ಮಾಡಿಕೊಂಡು. ಅವರು ಹೋದ ಮೇಲೆ ಹತ್ತು ವರ್ಷ ಅದು ಹಾಸಿಗೆ ಸುರುಳಿಯ ಪಕ್ಕದಲ್ಲಿ ಹಳೆಯ ಸೀರೆಯೊಂದನ್ನು ಹೊದ್ದು ನಿಂತಿತ್ತು. ಗುಜರಿಯವನು ಎರಡು ಸಲ ಬೆಲೆ ಕಟ್ಟಿದ, ತೂಕದ ಲೆಕ್ಕದಲ್ಲಿ. ಅಪ್ಪ ಬೇಡವೆಂದೂ ಹೇಳಲಿಲ್ಲ, ಕೊಡಲೂ ಇಲ್ಲ.

2019ರಲ್ಲಿ ಅಪ್ಪನ ಬಲ ಮಂಡಿಗೆ ಆಪರೇಷನ್ ಆಗಿ, ಸವೆದ ಕೀಲಿನ ಜಾಗಕ್ಕೆ ಲೋಹ ಮತ್ತು ಪ್ಲಾಸ್ಟಿಕ್ಕಿನ ಕೀಲು ಬಂತು. ಕೆಲವು ವಾರ ಕಳೆದ ಮೇಲೆ ಫಿಸಿಯೋಥೆರಪಿಯ ಹುಡುಗಿ ಮನೆಗೆ ಬಂದು, “ನಿಂತಲ್ಲೇ ತುಳಿಯೋ ಸೈಕಲ್ಲಿದ್ದರೆ ತುಂಬಾ ಒಳ್ಳೆಯದು. ಮೊದಲು ಸೀಟು ಎತ್ತರ ಇಟ್ಟು ಪೆಡಲನ್ನು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿ ಸಾಕು. ಮಂಡಿ ಬಗ್ಗುತ್ತಾ ಬಂದ ಹಾಗೆ ಪೂರ್ತಿ ಸುತ್ತು ಬರುತ್ತೆ” ಎಂದಳು. ಮೂಲೆಯ ಸೀರೆ ಸರಿಸಿದೆ. ತುಕ್ಕು, ಜೇಡ, ಬಿರುಕು ಬಿಟ್ಟ ಸೀಟು. ಕೈಯಿಂದ ಪೆಡಲು ತಿರುಗಿಸಿದರೆ ಮರಳು ಅರೆದ ಸದ್ದು. ಆದರೆ ಚಕ್ರ ತಿರುಗಿತು. ನಾನು ಎರಡೂ ಪೆಡಲಿನ ರಬ್ಬರು ನೋಡಿದೆ. ಎಡಗಡೆಯದು ಒಂದೇ ಅಂಚಿನಲ್ಲಿ ಬೆರಳ ದಪ್ಪ ಸವೆದಿತ್ತು. ಅಮ್ಮನ ಬಲಗಾಲು ಕೊನೆಯ ವರ್ಷಗಳಲ್ಲಿ ಜೋಮು ಹಿಡಿಯುತ್ತಿತ್ತು, ಭಾರವನ್ನೆಲ್ಲ ಎಡಗಾಲಿನ ಹೊರ ಅಂಚಿಗೆ ಹಾಕುತ್ತಿದ್ದರು. ಅವರು ಬಾಯಿಬಿಟ್ಟು ಹೇಳದೇ ಇದ್ದದ್ದು ಆ ರಬ್ಬರಿನಲ್ಲಿ ಉಳಿದಿತ್ತು.

ಆಟೋದಲ್ಲಿ ಸೈಕಲ್ಲನ್ನು ಚಾಚಾನ ಅಂಗಡಿಗೆ ಒಯ್ದೆ. ನಾನು ಐದನೇ ಕ್ಲಾಸಿನಲ್ಲಿ ಗಂಟೆಗೆ ಐವತ್ತು ಪೈಸೆ ಕೊಟ್ಟು ಬಾಡಿಗೆ ಸೈಕಲ್ಲು ತಂದ ಅಂಗಡಿ ಅದು. ಬಾಡಿಗೆ ನಿಂತು ಎಷ್ಟೋ ಕಾಲವಾಯಿತು, ರಿಪೇರಿ ನಡೆಯುತ್ತಿದೆ. ಚಾಚಾ ಕನ್ನಡಕ ಏರಿಸಿ ಸುತ್ತ ಒಂದು ಸಲ ನೋಡಿ, “ಮೇಷ್ಟ್ರ ಮನೇದಲ್ವಾ ಅಮ್ಮಾ? ಓವರಾಯ್ಲಿಂಗ್ ಮಾಡಿದ್ರೆ ಇನ್ನೂ ಇಪ್ಪತ್ತು ವರ್ಷ” ಎಂದರು. ಇಂಗ್ಲಿಷಿನ ಓವರ್‌ಹಾಲಿಂಗ್ ಎಂಬ ಪದ ನಮ್ಮ ಸೈಕಲ್ ಶಾಪುಗಳಿಗೆ ಬಂದು ಎಣ್ಣೆ ಹಚ್ಚಿಕೊಂಡು ಓವರಾಯ್ಲಿಂಗ್ ಆಗಿದೆ. ನನಗೆ ಇದೇ ಸರಿಯಾದ ಪದ ಅನ್ನಿಸುತ್ತದೆ. ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಸವೆದದ್ದನ್ನು ತೆಗೆದು, ಗ್ರೀಸು ತುಂಬಿ ಕೂಡಿಸುವುದು. ಇದರಲ್ಲಿ ಎಣ್ಣೆಯ ಪಾಲೇ ದೊಡ್ಡದು.

ಚಾಚಾ ಕ್ರ್ಯಾಂಕಿನ ಅಚ್ಚು ಎಳೆದು ತೆಗೆದಾಗ ಒಳಗಿಂದ ಕಂದು ಬಣ್ಣದ ಕೆಸರು ಬಂತು. ಅದೇ ಒಂದು ಕಾಲಕ್ಕೆ ಗ್ರೀಸು. ಒಂದೊಂದು ಪಕ್ಕಕ್ಕೆ ಕಾಲು ಇಂಚಿನ 11 ಬಾಲ್ಸು. ಒಂದನ್ನು ನನ್ನ ಅಂಗೈಗೆ ಹಾಕಿ ಉರುಳಿಸು ಎಂದರು. ಹೊಸ ಬಾಲ್ಸು ಅಂಗೈಯಲ್ಲಿ ನಿಲ್ಲುವುದಿಲ್ಲ. ಇದು ತಡೆತಡೆದು ಉರುಳಿತು, ಮೈಮೇಲೆ ಸಿಡುಬಿನಂಥ ಗುಳಿ. ಅರ್ಧದಷ್ಟು ಚೆನ್ನಾಗಿಯೇ ಇದ್ದವು. ಅವನ್ನು ಉಳಿಸಿ ಬಾಕಿಯದಷ್ಟೇ ಹೊಸದು ಹಾಕಬಹುದಲ್ಲ ಎಂದು ಕೇಳಿದೆ. ಚಾಚಾ ಒಪ್ಪಲಿಲ್ಲ. ಹಳೆಯವು ಕೂದಲೆಳೆಯಷ್ಟು ಸಣ್ಣವಾಗಿರುತ್ತವೆ, ಹೊಸವು ದಪ್ಪ. ಬೆರೆಸಿದರೆ ಭಾರವೆಲ್ಲ ಹೊಸವುಗಳ ಮೇಲೇ ಬಿದ್ದು ಅವು ಬೇಗ ಹಾಳಾಗುತ್ತವೆ. ಬದಲಾಯಿಸಿದರೆ ಅಷ್ಟನ್ನೂ ಬದಲಾಯಿಸಬೇಕು. ಬಾಲ್ಸು ಕೂರುವ ಬಟ್ಟಲಿನಂಥ ಕಪ್ಪುಗಳಲ್ಲಿ ಒಂದು ನುಣುಪಾಗಿತ್ತು, ಒಂದರಲ್ಲಿ ಬಾಲ್ಸು ಕೂತ ಕಡೆ ಕುಳಿ ಬಿದ್ದಿತ್ತು. ಅದರ ಜೋಡಿ ಗೋಡೆಗೆ ನೇತುಹಾಕಿದ ತಂತಿಯಲ್ಲೇ ಸಿಕ್ಕಿತು. ಮೂವತ್ತು ವರ್ಷದ ಹಿಂದೆ ಬೆಂಗಳೂರಿನಲ್ಲಿ ಕೊಂಡ ವ್ಯಾಯಾಮದ ಯಂತ್ರಕ್ಕೆ ತುಮಕೂರಿನ ಓಣಿಯ ಗೋಡೆಯ ಮೇಲೆ ಬಿಡಿಭಾಗ! ಮಾಡಿದವನು ತನ್ನದೇ ಒಂದು ವಿಶೇಷ ಅಳತೆ ಕಂಡುಹಿಡಿಯಲಿಲ್ಲ, ಬೀದಿಯ ಅಳತೆಯನ್ನೇ ತೆಗೆದುಕೊಂಡ. ಆ ಪುಣ್ಯಾತ್ಮನ ವಿವೇಕಕ್ಕೆ ನಾನು ಕೈಮುಗಿಯುತ್ತೇನೆ.

ಪೆಡಲು ಬಿಚ್ಚುವಾಗ ಚಾಚಾ ಸ್ಪ್ಯಾನರನ್ನು ನನ್ನ ಕೈಗೇ ಕೊಟ್ಟರು. ಎಡಗಡೆಯದನ್ನು ನಾನು ಎಷ್ಟು ಬಲ ಹಾಕಿದರೂ ಬಿಗಿಯಾಗುತ್ತಲೇ ಹೋಯಿತು. ಎಡ ಪೆಡಲಿನ ಮರೆ ಉಲ್ಟಾ, ಬಿಚ್ಚಲು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ತಿರುಗಿಸಬೇಕು. ತುಳಿತದಲ್ಲಿ ಪೆಡಲು ತಾನಾಗಿ ಬಿಚ್ಚಿಕೊಳ್ಳದಿರಲೆಂದು ಮಾಡಿದ ಏರ್ಪಾಡು ಅದು. ವಿಮಾನ ಹಾರಿಸುವ ಮುನ್ನ ಸೈಕಲ್ಲು ಮಾಡಿ ಮಾರುತ್ತಿದ್ದ ರೈಟ್ ಸಹೋದರರು ತಮ್ಮ ಸೈಕಲ್ಲಿಗೆ ಈ ಎಡಮರೆಯ ಪೆಡಲು ಹಾಕುತ್ತೇವೆಂದು 1900ರಲ್ಲೇ ಸಾರಿದ್ದರು. ಹೊಸ ಪೆಡಲು ಬಂತು. ಹಳೆಯದನ್ನು ಚಾಚಾ ಗುಜರಿ ಡಬ್ಬಿಗೆ ಎಸೆಯುವ ಮುಂಚೆ ನಾನು ಕೈಚಾಚಿ ಇಸಿದುಕೊಂಡೆ.

ಇನ್ನು ಕಾಟರ್ ಪಿನ್ನು. ಅಚ್ಚಿಗೂ ಕ್ರ್ಯಾಂಕಿಗೂ ನಡುವೆ ಅಡ್ಡಲಾಗಿ ಕೂರುವ ಕಿರುಬೆರಳಿನಷ್ಟು ಉದ್ದದ ಕೀಲು ಅದು. ಒಂದು ಮೈ ಓರೆಯಾಗಿ ಚಪ್ಪಟೆ, ತುದಿಯಲ್ಲಿ ನಟ್ಟು. ತುಳಿಯುವವರ ಬಲವೆಲ್ಲ ಆ ಚಪ್ಪಟೆ ಮೈಯ ಮೂಲಕವೇ ಅಚ್ಚಿಗೆ ಹೋಗಬೇಕು. ಅದಕ್ಕೇ ಅದನ್ನು ಅಚ್ಚಿಗಿಂತ ಮೆತ್ತನೆಯ ಉಕ್ಕಿನಲ್ಲಿ ಮಾಡುತ್ತಾರೆ. ತಿಕ್ಕಾಟವಾದರೆ ಪಿನ್ನು ಸವೆಯಬೇಕು, ಅಚ್ಚು ಉಳಿಯಬೇಕು. ಎತ್ತಿನ ಗಾಡಿ ಕಂಡವರಿಗೆ ಕಡಾಣಿ ಗೊತ್ತಿರುತ್ತದೆ, ಗಾಲಿ ಅಚ್ಚಿನಿಂದ ಕಳಚದಂತೆ ತಡೆಯುವ ಕೀಲು. ಹರಿಕಥೆಯಲ್ಲಿ ದಾಸರು ಹೇಳುವ ಕೈಕೇಯಿಯ ಪ್ರಸಂಗ ನನಗೆ ಪಿನ್ನು ಕೈಗೆತ್ತಿಕೊಂಡಾಗಲೆಲ್ಲ ನೆನಪಾಗುತ್ತದೆ. ಯುದ್ಧದ ನಡುವೆ ದಶರಥನ ರಥದ ಕಡಾಣಿ ಬಿದ್ದುಹೋಗುತ್ತದೆ, ಆಕೆ ಆ ಜಾಗಕ್ಕೆ ತನ್ನ ಬೆರಳು ಕೊಡುತ್ತಾಳೆ, ಅದರಿಂದ ಎರಡು ವರ, ಆ ವರಗಳಿಂದ ವನವಾಸ. ಹೊರಡುವ ಮುಂಚೆ ಸಾರಥಿ ಕಡಾಣಿ ನೋಡಬೇಕಿತ್ತು ಎಂದು ನಾನು ಹುಡುಗಿಯಾಗಿದ್ದಾಗ ಅಪ್ಪನಿಗೆ ಹೇಳಿದ್ದೆನಂತೆ.

ಪಿನ್ನು ತೆಗೆಯುವುದಕ್ಕೆ ಒಂದು ಕ್ರಮವಿದೆ. ಅದು ತಪ್ಪಿದರೆ ಒಂದು ಸಣ್ಣ ಭಾಗ ಬದಲಾಯಿಸಲು ಹೋಗಿ ದೊಡ್ಡದನ್ನು ಕೆಡಿಸಿದಂತೆ. ನಟ್ಟನ್ನು ಪೂರ್ತಿ ತೆಗೆಯದೆ ಪಿನ್ನಿನ ತುದಿಗೆ ಸಮವಾಗಿ ಬಿಡಬೇಕು, ಆಗ ಮರೆ ಜಜ್ಜಿಹೋಗುವುದಿಲ್ಲ. ಕ್ರ್ಯಾಂಕಿನ ಕೆಳಗೆ ದಪ್ಪ ಪೈಪಿನ ತುಂಡೊಂದನ್ನು ನೆಲಕ್ಕೆ ಊರಿ ಆನಿಕೆ ಕೊಡಬೇಕು. ಆನಿಕೆಯಿಲ್ಲದೆ ಹೊಡೆದರೆ ಏಟು ಹೋಗಿ ಬಾಲ್ಸಿಗೂ ಕಪ್ಪಿಗೂ ತಾಗಿ ಅಲ್ಲಿ ಕುಳಿ ಬೀಳುತ್ತದೆ. ಆಮೇಲೆ ಹತ್ತು ಅಳುಕಿನ ಏಟಲ್ಲ, ಒಂದೇ ಗಟ್ಟಿ ಏಟು. ಕೂಡಿಸುವಾಗ ಎರಡೂ ಪಿನ್ನು ಎದುರುಬದುರಾಗಿ ಇರಬೇಕು, ಇಲ್ಲವಾದರೆ ಎರಡು ಕ್ರ್ಯಾಂಕು ಒಂದೇ ನೇರಕ್ಕೆ ಬರುವುದಿಲ್ಲ, ತುಳಿಯುವವರಿಗೆ ಒಂದು ಕಾಲು ಕುಂಟಿದ ಹಾಗಾಗುತ್ತದೆ. ನಾಲ್ಕು ದಿನ ತುಳಿದ ಮೇಲೆ ನಟ್ಟನ್ನು ಇನ್ನೊಮ್ಮೆ ಬಿಗಿ ಮಾಡಬೇಕು. ಇದಿಷ್ಟೂ ನಾನು ಚಾಚಾನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಲಿತದ್ದು. ಈಗ ಮನೆಯಲ್ಲೇ ಮಾಡುತ್ತೇನೆ. ಹೋದ ಶ್ರಾವಣದ ಆ ಟಕ್ ಮುಕ್ಕಾಲು ಗಂಟೆಯ ಕೆಲಸ, ಪಿನ್ನಿಗೆ ಎರಡು ಕಾಫಿಯ ದುಡ್ಡೂ ಆಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಅಲೆಸಿದ್ದು ಫೆಲ್ಟು. ಹಳೆಯದು ಸವೆದು ಕಾಗದದಷ್ಟಾಗಿ, ಉಕ್ಕಿನ ಪಟ್ಟಿಯೇ ಚಕ್ರಕ್ಕೆ ತಾಗುತ್ತಿತ್ತು. ಸೈಕಲ್ ಶಾಪಿನಲ್ಲಿ ಇದು ಸಿಗುವುದಿಲ್ಲ. ನಮ್ಮ ಜಿಲ್ಲೆ ಗುಬ್ಬಿಯ ಜಿಲ್ಲೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯ ಊರಿನ ಸುತ್ತಮುತ್ತ ಹಾರ್ಮೋನಿಯಂ ರಿಪೇರಿ ಬಲ್ಲವರು ಇನ್ನೂ ಇದ್ದಾರೆ. ಹಾರ್ಮೋನಿಯಂನಲ್ಲಿ ಬೆರಳೊತ್ತುವ ಮನೆಗಳ ಕೆಳಗೆ ಫೆಲ್ಟು ಹಾಕುತ್ತಾರಲ್ಲ ಎಂದು ಹಿರಿಯರೊಬ್ಬರ ಬಳಿ ಹೋಗಿ ಒಂದು ಪಟ್ಟಿ ತಂದು ಅಂಟಿಸಿದೆ. ಅಂಗೈಗೆ ಹಿತವಾಗಿತ್ತು, ಚಕ್ರಕ್ಕೆ ಮೆತ್ತಗಾಯಿತು. ಎರಡನೆಯ ವಾರಕ್ಕೆ ನೂಲುನೂಲಾಗಿ ಕಿತ್ತು ಬಂತು, ಮನೆ ತುಂಬಾ ಉಣ್ಣೆ ಸುಟ್ಟ ವಾಸನೆ. ಮೆತ್ತಗಿದ್ದುದು ಸೋತಿತಲ್ಲ ಎಂದು ಹೆದ್ದಾರಿ ಪಕ್ಕ ಲಾರಿಗಳಿಗೆ ಬ್ರೇಕ್ ಲೈನರ್ ಹೊಡೆಯುವ ಅಂಗಡಿಗೆ ಹೋದೆ. ಆ ಯಜಮಾನರು ನನ್ನ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದ್ದು ಸರಿಯಾಗಿತ್ತು: “ಲೈನರ್ ಇದಕ್ಕೆ ಬ್ಯಾಡಿ ಅಕ್ಕ. ಅದು ಹಿಡಿದು ನಿಲ್ಲಿಸೋಕೆ ಇರೋದು. ನಿಮಗೆ ಬೇಕಾಗಿರೋದು ಜಾರ್ತಾ ಜಾರ್ತಾ ತಡೆಯೋದು.” ಕೊನೆಗೆ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಸಾಲಿನಲ್ಲಿ ಕಾರ್ಖಾನೆಗಳಿಗೆ ಮಾರುವ ಗಟ್ಟಿ ಉಣ್ಣೆಯ ಫೆಲ್ಟು, 6 ಮಿಲಿಮೀಟರ್ ದಪ್ಪದ್ದು, ಸಿಕ್ಕಿತು. ಅಂಟು ಬಿಸಿಗೆ ಬಿಡುತ್ತದೆಂದು ಅದೇ ಲೈನರ್ ಅಂಗಡಿಯವರು ತಾಮ್ರದ ರಿವೆಟ್ಟು ಹೊಡೆದುಕೊಟ್ಟರು, ರಿವೆಟ್ಟಿನ ತಲೆ ಚಕ್ರವನ್ನು ಗೀರದಂತೆ ಫೆಲ್ಟಿನ ಆಳಕ್ಕೆ ಇಳಿಸಿ. ದುಡ್ಡು ತೆಗೆದುಕೊಳ್ಳಲಿಲ್ಲ. ಚೈನಿಗೆ ಎಣ್ಣೆ ಬಿಡುವಾಗ ಒಂದು ತೊಟ್ಟೂ ಚಕ್ರದ ಅಂಚಿಗೆ ತಾಗಬಾರದು ಎಂಬುದೊಂದೇ ಈಗ ಉಳಿದಿರುವ ಎಚ್ಚರಿಕೆ. ತಾಗಿದರೆ ಫೆಲ್ಟು ಜಾರಿ ಜಾರಿ ತಟ್ಟನೆ ಹಿಡಿಯುತ್ತದೆ, ಹೊಸ ಮಂಡಿಗೆ ಅದು ಒಳ್ಳೆಯದಲ್ಲ.

ಈ ಅಲೆದಾಟದಲ್ಲಿ ಈ ಯಂತ್ರದ ವಂಶಾವಳಿಯನ್ನೂ ಹುಡುಕಿ ಓದಿದೆ. 1796ರಲ್ಲೇ ಲಂಡನ್ನಿನ ಫ್ರಾನ್ಸಿಸ್ ಲೌಂಡ್ಸ್ ಎನ್ನುವವನು ಜಿಮ್ನಾಸ್ಟಿಕಾನ್ ಎಂಬ ಯಂತ್ರಕ್ಕೆ ಪೇಟೆಂಟು ಪಡೆದಿದ್ದ. ಕೈಯನ್ನೂ ಕಾಲನ್ನೂ ಒಟ್ಟಿಗೆ ಆಡಿಸಿ ಬಿಗಿದ ಕೀಲು ಸಡಿಲಿಸುವುದು ಅದರ ಉದ್ದೇಶ. ಸೈಕಲ್ಲೇ ಇನ್ನೂ ಹುಟ್ಟಿರದ ಕಾಲ. ನಮ್ಮ ಮನೆಯ ಬಗೆಯದಕ್ಕೆ ಹತ್ತಿರದ ಹಿರಿಯ ಸ್ವೀಡನ್ನಿನಲ್ಲಿದೆ. 1954ರಲ್ಲಿ ಫಾನ್ ಡೋಬೆಲ್ನ್ ಎಂಬ ಸಂಶೋಧಕ ಚಕ್ರ, ಪಟ್ಟಿ, ತೂಕ ಇಷ್ಟರಿಂದಲೇ ದೇಹದ ದುಡಿಮೆಯನ್ನು ಅಳೆಯಬಲ್ಲ ಸರಳ ಸೈಕಲ್ಲಿನ ವಿವರ ಪ್ರಕಟಿಸಿದ. ಅದೇ ತತ್ವದ ಮೇಲೆ ಮೊನಾರ್ಕ್ ಕಂಪನಿ ಮಾಡಿದ ಸೈಕಲ್ಲುಗಳು ಜಗತ್ತಿನ ಪ್ರಯೋಗಶಾಲೆಗಳನ್ನೆಲ್ಲ ಸೇರಿದವು. ಪೆಡಲು ಒಂದು ಸುತ್ತು ಬಂದರೆ ಚಕ್ರದ ಅಂಚು 6 ಮೀಟರ್ ಓಡುವಂತೆ ಹಲ್ಲುಗಳ ಲೆಕ್ಕ. ನಿಮಿಷಕ್ಕೆ 50 ಸುತ್ತು ತುಳಿದರೆ 300 ಮೀಟರ್. ಪಟ್ಟಿಯ ಎಳೆತ ಒಂದು ಕಿಲೋ ಇದ್ದರೆ ತುಳಿಯುವವರು ಸುಮಾರು 50 ವಾಟ್ ದುಡಿಯುತ್ತಿದ್ದಾರೆ ಎಂದರ್ಥ. ಗುಣಾಕಾರ ಬಲ್ಲ ಯಾರಾದರೂ ಇದನ್ನು ಅರ್ಥಮಾಡಿಕೊಳ್ಳಬಹುದು. ಅಪ್ಪ ಇದನ್ನು ಕೇಳಿ ಬಹಳ ಸಂತೋಷಪಟ್ಟರು. ಅವರು ಕಲಿಸಿದ್ದು ಗಣಿತ. ತಮ್ಮ ಸೈಕಲ್ಲಿಗೂ ಅಳತೆ ತೆಗೆದರು. ನಮ್ಮದರಲ್ಲಿ ಪೆಡಲಿನ ಒಂದು ಸುತ್ತಿಗೆ ಚಕ್ರದ ಅಂಚು ಐದು ಮೀಟರಿಗೆ ಸ್ವಲ್ಪ ಕಡಿಮೆ ಓಡುತ್ತದೆ.

ನನ್ನ ತಮ್ಮ ಇರುವುದು ಶಿಕಾಗೋದ ಹೊರವಲಯದಲ್ಲಿ. ಇಲ್ಲಿಯ ಕಥೆಯನ್ನು ಫೋನಿನಲ್ಲಿ ಕೇಳಿ ಕೇಳಿ ಅವನೂ ನೆರೆಯವರು ಮನೆ ಖಾಲಿ ಮಾಡುವಾಗ ಮಾರಿದ ಹಳೆಯ ಶ್ವಿನ್ ವ್ಯಾಯಾಮದ ಸೈಕಲ್ಲೊಂದನ್ನು ತಂದ. ಅದು ಅದೇ ಊರಿನ ಕಂಪನಿ, 1895ರಲ್ಲಿ ಶುರುವಾದದ್ದು, 1992ರಲ್ಲಿ ದಿವಾಳಿ ಎದ್ದು ಹೆಸರು ಕೈಯಿಂದ ಕೈಗೆ ಹೋಯಿತು. ಪೆಡಲು ಒಡೆದಿತ್ತು. ಹೊಸ ಜೋಡಿ ತರಿಸಿದರೆ ಕೂರಲೇ ಇಲ್ಲ. “ಅಕ್ಕಾ, ತೂತೇ ಚಿಕ್ಕದು” ಎಂದು ಬೇಸರದಲ್ಲಿ ಫೋನು ಮಾಡಿದ. ಎರಡು ಕ್ರ್ಯಾಂಕೂ ಅಚ್ಚೂ ಒಂದೇ ಸರಳನ್ನು ಬಗ್ಗಿಸಿ ಮಾಡಿದ್ದೋ ನೋಡು ಎಂದೆ. ಹೌದೆಂದ. ಹಾಗಾದರೆ ಅದಕ್ಕೆ ಬೇಕಾದ್ದು ಅರ್ಧ ಇಂಚಿನ ಪೆಡಲು. ಅವನು ತರಿಸಿದ್ದು ಈಗ ಎಲ್ಲೆಡೆ ನಡೆಯುವ ಒಂಬತ್ತು ಹದಿನಾರಾಂಶ ಇಂಚಿನದು. ಅರ್ಧ ಇಂಚಿನದು ಅಲ್ಲಿಯ ಮಕ್ಕಳ ಸೈಕಲ್ಲುಗಳಿಗೆ ಇವತ್ತಿಗೂ ಬರುತ್ತದೆ, ಹಾಗಾಗಿ ಅಂಗಡಿಯಲ್ಲಿ ಸಿಕ್ಕಿತು. ಕಂಪನಿ ಮುಳುಗಿದರೂ ಅದರ ಅಳತೆ ಮಕ್ಕಳ ಕಾಲಡಿಯಲ್ಲಿ ಬದುಕಿದೆ.

ಇದಕ್ಕೆ ವಿರುದ್ಧವಾದದ್ದು ಬೆಂಗಳೂರಿನಲ್ಲಿರುವ ಅಕ್ಕನ ಮನೆಯಲ್ಲಿ ನಡೆಯಿತು. ಅಕ್ಕ ಕೊಂಡದ್ದು ಹೊಸ ಕಾಲದ ಸೈಕಲ್ಲು. ಒಳಗೆ ಆಯಸ್ಕಾಂತದ ತಡೆ, ಮುಂದೆ ಪರದೆ, ಮೈತುಂಬಾ ಪ್ಲಾಸ್ಟಿಕ್ ಹೊದಿಕೆ. ಸದ್ದಿಲ್ಲ, ಸವೆತವಿಲ್ಲ; ಆಯಸ್ಕಾಂತ ಚಕ್ರವನ್ನು ಮುಟ್ಟದೆಯೇ ತಡೆಯುತ್ತದೆ. ಮೂರನೆಯ ವರ್ಷ ಪರದೆ ಆರಿತು. ಒಳಗಿನ ಬೋರ್ಡು ಹೋಗಿದೆ, ಆ ಮಾಡೆಲ್ಲು ನಿಂತಿದೆ, ಬೋರ್ಡು ಸಿಗುವುದಿಲ್ಲ ಎಂದು ಕಂಪನಿಯವರು ಕೈಚೆಲ್ಲಿದರು. ಚಕ್ರ, ಬೇರಿಂಗು, ಫ್ರೇಮು ಎಲ್ಲವೂ ಹೊಸದರ ಹಾಗಿವೆ. ಅಂಗೈಯಗಲದ ಬೋರ್ಡಿಲ್ಲದೆ ಆಯಸ್ಕಾಂತವನ್ನು ಸರಿಸುವ ಪುಟ್ಟ ಮೋಟಾರು ಅಲ್ಲಾಡುವುದಿಲ್ಲ. ನಾನು ಹೋಗಿ ಹೊದಿಕೆ ಬಿಚ್ಚಿದೆ. ಮೋಟಾರು ಮಾಡುತ್ತಿದ್ದದ್ದು ಒಂದು ತಂತಿಯನ್ನು ಎಳೆಯುವ ಕೆಲಸ ಮಾತ್ರ. ಕಡಿಮೆ ಬೆಲೆಯ ಸೈಕಲ್ಲುಗಳಲ್ಲಿ ಅದೇ ತಂತಿಯನ್ನು ಎಳೆಯಲು ಕೈಯಿಂದ ತಿರುಗಿಸುವ ಗುಂಡಿಯಿರುತ್ತದೆ. ಅಂಥದ್ದೊಂದನ್ನು ಹಾಕಿಸಿದೆವು. ಪರದೆ ಕಪ್ಪಗೇ ಇದೆ, ಅಕ್ಕ ತುಳಿಯುತ್ತಿದ್ದಾಳೆ. ಒಳಗಿನ ಬೆಲ್ಟಿನ ಬೆನ್ನ ಮೇಲಿದ್ದ ನಂಬರನ್ನೂ ಬರೆದಿಟ್ಟುಕೊಂಡೆ. ಅದು ವಾಷಿಂಗ್ ಮಷೀನಿನಲ್ಲಿ ಬರುವ ಗೀರುಬೆಲ್ಟಿನ ಜಾತಿಯದೇ.

2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿಯ ಹಕ್ಕಿನ ಮಾತೆತ್ತಿದಾಗ ಕೃಷಿ ಯಂತ್ರ, ಮೊಬೈಲು, ಮನೆಬಳಕೆಯ ಉಪಕರಣ, ವಾಹನ ಇವುಗಳಿಂದ ಶುರುಮಾಡಿತು. ಒಳ್ಳೆಯದೇ. ಮಾರುವವರು ಬಿಡಿಭಾಗವನ್ನೂ ಮಾರಬೇಕು, ಅಳತೆಯನ್ನು ಗುಟ್ಟಾಗಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸವೆಯದ ಯಂತ್ರ ಬೇಕೆಂದು ನಾನು ಕೇಳುವುದಿಲ್ಲ. ಎಲ್ಲಿ ಸವೆಯುತ್ತದೆ ಎಂದು ಮಾಡಿದವನಿಗೆ ಮೊದಲೇ ಗೊತ್ತಿರಬೇಕು, ಆ ಭಾಗ ಬಿಚ್ಚಲು ಬರಬೇಕು, ಬೀದಿಯಲ್ಲಿ ಸಿಗಬೇಕು.

ಎಲ್ಲವನ್ನೂ ಉಳಿಸಲೇಬೇಕೆಂಬ ಹಟ ನನಗಿಲ್ಲ. ಫ್ರೇಮಿನ ವೆಲ್ಡಿಂಗಿನಲ್ಲಿ ಬಿರುಕು ಕಂಡರೆ, ಸೀಟಿನ ಕೆಳಗಿನ ಪೈಪು ಒಳಗೆ ತುಕ್ಕು ತಿಂದು ತೆಳುವಾಗಿದ್ದರೆ, ಅದರ ಮೇಲೆ ವಯಸ್ಸಾದವರನ್ನು ಕೂರಿಸಬಾರದು. ನಮ್ಮದರಲ್ಲಿ ಕಾಲು ನಿಲ್ಲಿಸಿದರೂ ಚಕ್ರದ ಓಟಕ್ಕೆ ಪೆಡಲು ತಾನೇ ತಿರುಗುತ್ತಿರುತ್ತದೆ. ಆ ಓಟವೇ ಅಪ್ಪನ ಮಂಡಿಯನ್ನು ಮೇಲಿನ ತಿರುವು ದಾಟಿಸುವುದು, ಅದೇ ಓಟ ಮಗುವಿನ ಬೆರಳಿಗೆ ಅಪಾಯ. ಕಳೆದುಹೋಗಿದ್ದ ಚೈನ್ ಕವರಿನ ಬದಲು ಎಣ್ಣೆ ಡಬ್ಬದ ತಗಡು ಕತ್ತರಿಸಿ ಮಾಡಿಸಿದ ಹೊಸ ಕವರನ್ನು ಹಾಕಿದ ಮೇಲೆಯೇ ಮೊಮ್ಮಕ್ಕಳು ನಡುಮನೆಗೆ ಬಂದದ್ದು.

ಅಮ್ಮನ ಪೆಡಲು ಸ್ಪ್ಯಾನರುಗಳ ಡಬ್ಬಿಯಲ್ಲಿದೆ. ಸೀಟಿನ ಕಂಬದಲ್ಲಿ ಅಮ್ಮನ ಎತ್ತರ ಮೂರನೆಯ ತೂತು, ಅಪ್ಪನದು ಐದನೆಯದು. ಪೆಡಲು ಪೂರ್ತಿ ಕೆಳಗಿರುವಾಗ ಮಂಡಿ ತುಸು ಬಗ್ಗಿರಬೇಕು, ನೆಟ್ಟಗಾಗಬಾರದು. ಅಷ್ಟು ನೋಡಿಕೊಂಡರೆ ಅಪ್ಪ ದಿನಕ್ಕೆ ಹದಿನೈದು ನಿಮಿಷ ತುಳಿಯುತ್ತಾರೆ. ಫೆಲ್ಟು ಎರಡು ವರ್ಷಕ್ಕೊಮ್ಮೆ, ಪಿನ್ನು ಟಕ್ ಎಂದಾಗ, ಗ್ರೀಸು ಯುಗಾದಿಗೊಮ್ಮೆ.

ನಿಮ್ಮ ಮನೆಯ ಮೂಲೆಯಲ್ಲೂ ಇಂಥದ್ದೊಂದು ನಿಂತಿರಬಹುದು. ಗುಜರಿಯವನನ್ನು ಕರೆಯುವ ಮುಂಚೆ ಒಮ್ಮೆ ಕೈಯಿಂದ ಪೆಡಲು ತಿರುಗಿಸಿ ಕೇಳಿ. ಸವೆದ ಭಾಗವನ್ನು ಬಿಚ್ಚಿ, ಕಾಗದದಲ್ಲಿ ಸುತ್ತಿ, ಹತ್ತಿರದ ಸೈಕಲ್ ಶಾಪಿಗೆ ಒಯ್ಯಿರಿ. ಅಳತೆಯನ್ನು ಬಾಯಲ್ಲಿ ಹೇಳಬೇಡಿ, ಭಾಗವನ್ನೇ ತೋರಿಸಿ.